ಮಾತು ಕಡಿಯದಂತೆ ಕಾಯುವ ಎಕ್ಸ್‌ಚೇಂಜ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಆಗಷ್ಟೇ ನೆಲ ಒರೆಸಿದ ಫಿನೈಲಿನ ವಾಸನೆ. ಭೇಟಿ ಕೋಣೆಯಲ್ಲಿ ಒಬ್ಬ ಹೆಂಗಸು ಮೇಜಿನ ಕೆಳಗೆ ಮಂಡಿಯೂರಿ, ಕಂಪ್ಯೂಟರಿನ ಹಿಂಬದಿಯ ವೈರುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಾರೆ. ಸೊಂಟ ಹಿಡಿದುಕೊಂಡು ಮೇಲೆದ್ದು ಬ್ರೌಸರ್ ತೆರೆಯುತ್ತಾರೆ. ಕ್ಯಾಮೆರಾದಲ್ಲಿ ತಮ್ಮದೇ ಮುಖ ಮೂಡಿದ್ದೇ, "ನೋಡಿ, ದಿನಾ ಬೆಳಗಾದ್ರೆ ಈ ದರ್ಶನ ನನಗೆ" ಎಂದು ನಗುತ್ತಾರೆ.

ಆಸ್ಪತ್ರೆಯಲ್ಲಿ ಇವರು ಎಲ್ಲರಿಗೂ 'ಎಕ್ಸ್‌ಚೇಂಜ್ ಅಕ್ಕ'. ಸೋಂಕಿನ ವಾರ್ಡಿನೊಳಗೆ ಮನೆಯವರಿಗೆ ಪ್ರವೇಶವಿಲ್ಲ. ಒಳಗೆ ನರ್ಸ್ ಒಂದೇ ಟ್ಯಾಬ್ಲೆಟ್ಟನ್ನು ಹಾಸಿಗೆಯಿಂದ ಹಾಸಿಗೆಗೆ ಒಯ್ಯುತ್ತಾರೆ, ಮನೆಯವರು ಕೆಳಗೆ ಈ ಕೋಣೆಯಲ್ಲಿ ಕೂತು ಮಾತಾಡಬೇಕು. ಆ ಮಾತು ನಡುವೆ ನಿಂತುಹೋಗದಂತೆ ನೋಡಿಕೊಳ್ಳುವುದು ಅಕ್ಕನ ಕೆಲಸ. ಜೊತೆಗೆ ಔಷಧಿ ಕೌಂಟರ್, ಲ್ಯಾಬು, ಹೆಸರು ನೋಂದಾಯಿಸುವ ಕಿಟಕಿ, ಎಲ್ಲ ಕಡೆಯಿಂದಲೂ ಕರೆ ಬರುತ್ತದೆ. ಕೆಲವು ದಿನ ಇಪ್ಪತ್ತು, ಕೆಲವು ದಿನ ಅದರ ದುಪ್ಪಟ್ಟು. "ಎಲ್ಲರೂ ಹೇಳೋದು ಒಂದೇ ಮಾತು, 'ಅಕ್ಕಾ, ತಾನಾಗೇ ಬಂದ್ ಆಯ್ತು'. ಏನು ಬಂದ್ ಆಯ್ತು, ಯಾವಾಗ ಆಯ್ತು, ಅದನ್ನ ನಾನೇ ಬಾಯಿ ಬಿಡಿಸ್ಬೇಕು."

ಮೊದಲು ಇವರು ಇದೇ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಯಾರಿಗೆ ಯಾವ ವಾರ್ಡು ಬೇಕೋ ಜೋಡಿಸಿಕೊಡುತ್ತಿದ್ದರು. ಎಕ್ಸ್‌ಚೇಂಜ್ ಮುಚ್ಚಿದಾಗ ಜೊತೆಯವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಇವರನ್ನು ನೆಲಮಾಳಿಗೆಯ ಕಂಪ್ಯೂಟರ್ ವಿಭಾಗಕ್ಕೆ ಹಾಕಿದರು. "ಮೌಸ್ ಮುಟ್ಟೋಕೇ ಹೆದರಿಕೆ. ಮೊದಲ ವಾರ ಬಾತ್‌ರೂಮಿಗೆ ಹೋಗಿ ಅತ್ತು ಬರ್ತಿದ್ದೆ. ಆಮೇಲೆ ಅಲ್ಲಿದ್ದ ಹಿರಿಯ ಟೆಕ್ನಿಷಿಯನ್ ಒಂದಿನ, 'ಅಮ್ಮಾ, ಅದೇನು ಕಚ್ಚುತ್ತಾ? ಧೈರ್ಯವಾಗಿ ಒತ್ತಿ' ಅಂದ್ರು. ಅವತ್ತಿಂದ ಒತ್ತಿದ್ದೇ ಒತ್ತಿದ್ದು."

ಗಂಡ ಬಸ್ ಚಾಲಕ. ಅವರು ನಸುಕಿನಲ್ಲೇ ಮನೆ ಬಿಟ್ಟ ಮೇಲೆ ಇವರು ಹೊರಡುತ್ತಾರೆ. ಮಗಳದ್ದು ಮಾತ್ರ ಒಂದು ದೂರಿದೆ: "ಅಮ್ಮ ಊರಿನ ಕಂಪ್ಯೂಟರೆಲ್ಲ ಸರಿಮಾಡ್ತಾಳೆ, ಮನೆ ಟಿವಿ ರಿಮೋಟಿಗೆ ಬ್ಯಾಟರಿ ಹಾಕೋಕೆ ಪುರುಸೊತ್ತಿಲ್ಲ."

ಇಷ್ಟು ವರ್ಷಗಳಲ್ಲಿ ಮರೆಯಲಾಗದ ದಿನ ಯಾವುದೆಂದರೆ ಅಕ್ಕ ಒಬ್ಬ ಅಜ್ಜಿಯ ವಿಷಯ ಹೇಳುತ್ತಾರೆ. ಅಜ್ಜಿಯ ಗಂಡ ಶ್ವಾಸಕೋಶದ ಸೋಂಕಿನಿಂದ ಒಳಗೆ ಮಲಗಿದ್ದರು. ಅಜ್ಜಿ ಭೇಟಿ ಕೋಣೆಯಲ್ಲಿ ಕೂತು "ರೀ..." ಎನ್ನುವಷ್ಟರಲ್ಲಿ ಬ್ರೌಸರ್ ಮಾಯವಾಗುತ್ತಿತ್ತು. ಮತ್ತೆ ತೆರೆಯುವ ಹೊತ್ತಿಗೆ ನರ್ಸ್ ಮುಂದಿನ ಹಾಸಿಗೆಗೆ ಹೋಗಿರುತ್ತಿದ್ದರು. ಮರುದಿನವೂ ಅದೇ ಕಥೆ. ಬೇರೆಯವರು ಕೂತರೆ ಅದೇ ಕಂಪ್ಯೂಟರ್ ಏನೂ ತಕರಾರು ಮಾಡುತ್ತಿರಲಿಲ್ಲ.

ಅಕ್ಕ ತಮಗೆ ತಿಳಿದಿದ್ದನ್ನೆಲ್ಲ ಮಾಡಿದರು. ತೆರೆದಿಟ್ಟ ಹತ್ತಾರು ಟ್ಯಾಬುಗಳನ್ನು ಮುಚ್ಚಿದರು. ತುಂಬಿಕೊಂಡಿದ್ದ ಹಳೆಯ ಫೈಲುಗಳನ್ನು ಅಳಿಸಿದರು. ಬ್ರೌಸರಿಗೆ ಯಾರೋ ಸೇರಿಸಿದ್ದ ಬೇಡದ ಎಕ್ಸ್‌ಟೆನ್ಶನ್‌ಗಳನ್ನು ಕಿತ್ತರು, ಬ್ರೌಸರನ್ನು ಹೊಸದಾಗಿ ಹಾಕಿದರು. ತಾವೇ ಕೂತು ನೋಡಿದರೆ ಎಲ್ಲ ಸರಿ. ಅಜ್ಜಿ ಕೂತರೆ ಮತ್ತೆ ಢಮಾರ್.

"ನನಗೂ ರೇಗಿತು. 'ಅಜ್ಜೀ, ನೀವೇನಾದ್ರೂ ಒತ್ತಿಬಿಟ್ರಾ?' ಅಂತ ಕೇಳಿದೆ. ಅವರು ಎರಡೂ ಕೈ ಮಡಿಲಿಗೆ ಎಳ್ಕೊಂಡು, 'ಇಲ್ಲಮ್ಮ, ನಾನೇನೂ ಮುಟ್ಟಿಲ್ಲ' ಅಂದ್ರು. ಆಮೇಲೆ ಮೆಲ್ಲಗೆ, 'ಕಂಪ್ಯೂಟರಿಗೇನೂ ಆಗಿಲ್ಲ ಬಿಡು. ಅವರೇ ಕಟ್ ಮಾಡ್ತಿದಾರೆ' ಅಂದ್ರು."

ವಿಷಯ ಇಷ್ಟು. ಅಜ್ಜ ತಮ್ಮ ಕೆಮ್ಮನ್ನು ಹೆಂಡತಿಯಿಂದ ಮುಚ್ಚಿಟ್ಟಿದ್ದರು. ಆಂಬುಲೆನ್ಸ್ ಬಂದ ಬೆಳಗ್ಗೆ ಅಜ್ಜಿ ಸಿಟ್ಟಿನ ಭರದಲ್ಲಿ, "ಹೋಗಿ, ಅಲ್ಲೇ ಇರಿ, ನನಗೇನು?" ಎಂದುಬಿಟ್ಟಿದ್ದರು. ಆ ಮಾತಿಗೆ ಮುನಿಸಿಕೊಂಡು ಗಂಡ ಮುಖ ಕೊಡುತ್ತಿಲ್ಲ ಎಂದು ಅವರು ನಂಬಿಬಿಟ್ಟಿದ್ದರು. ಅಕ್ಕ ವಾರ್ಡಿಗೆ ಫೋನ್ ಮಾಡಿದರೆ ನರ್ಸ್ ಹೇಳಿದ್ದೇ ಬೇರೆ: "ತಾತನೂ ಇಲ್ಲಿ ಅದನ್ನೇ ಹೇಳ್ತಿದಾರೆ, 'ಅವಳಿಗೆ ನನ್ನ ಮುಖ ನೋಡೋದೇ ಬೇಡವಂತೆ' ಅಂತ. ಅಕ್ಕಾ, ಉಸಿರಾಟ ಚೆನ್ನಾಗಿಲ್ಲ. ಇವತ್ತು ಮಧ್ಯಾಹ್ನ ಗಂಟಲಿಗೆ ಕೊಳವೆ ಹಾಕ್ತಾರೆ. ಆಮೇಲೆ ಮಾತಾಡೋಕಾಗಲ್ಲ."

ಅಕ್ಕ ಫೋನ್ ಇಟ್ಟರು. ಓಡಿಹೋಗಿ ಅಜ್ಜಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಈ ಸಲ ಕೇಳುವ ರೀತಿ ಬದಲಾಯಿಸಿದರು. "ಅಜ್ಜೀ, ನಿಮ್ಮದೇನೂ ತಪ್ಪಿಲ್ಲ. ತಾತನೂ ನೀವೇ ಕಟ್ ಮಾಡ್ತಿದೀರಿ ಅಂದ್ಕೊಂಡಿದಾರೆ. ಅವರು ಬಂದ ತಕ್ಷಣ ನೀವು ಹೇಗೆ ನೋಡ್ತೀರಿ, ನನಗೂ ಸ್ವಲ್ಪ ತೋರಿಸಿ."

ಅಜ್ಜಿ ಹಿಂದೆ ಮುಂದೆ ನೋಡಿ ಬಾಯಿಬಿಟ್ಟರು. "ನನಗೆ ಕಣ್ಣು ಅಷ್ಟಾಗಿ ಕಾಣಲ್ಲ ಮಗಳೇ. ಅವರ ಮುಖ ಹೆಬ್ಬೆರಳಷ್ಟು ಕಾಣುತ್ತೆ. ಅದರ ಮೇಲೆ ಎರಡು ಸಲ ಒತ್ತಿದ್ರೆ ದೊಡ್ಡದಾಗುತ್ತೆ ಅಂತ ಬಾಗಿಲಲ್ಲಿರೋ ಗಾರ್ಡ್ ಹೇಳಿಕೊಟ್ಟ. ಹಾಳು ಮಾಡಿದೆ ಅಂತ ಬೈತೀರೇನೋ ಅಂತ ಹೇಳಲಿಲ್ಲ."

ಅಕ್ಕ ಪರದೆಯಲ್ಲಿದ್ದ ತಮ್ಮದೇ ಮುಖದ ಮೇಲೆ ಎರಡು ಸಲ ಒತ್ತಿ ನೋಡಿದರು. ಚಿತ್ರ ಇಡೀ ಪರದೆ ತುಂಬಿತು, ಮರುಕ್ಷಣ ಬ್ರೌಸರ್ ಮಾಯ! ಕಾರಣ ಸಿಕ್ಕಿಬಿದ್ದಿತ್ತು. ಚಿತ್ರ ದೊಡ್ಡದು ಮಾಡುವ ಭಾರವನ್ನು ಬ್ರೌಸರ್ ಆ ಹಳೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರಿಸುತ್ತಿತ್ತು, ಅದು ತಡೆಯಲಾರದೆ ಕೈಚೆಲ್ಲುತ್ತಿತ್ತು. ಉಳಿದವರ್ಯಾರೂ ಚಿತ್ರ ದೊಡ್ಡದು ಮಾಡಿದವರಲ್ಲ. ಅಕ್ಕ ಸೆಟ್ಟಿಂಗಿಗೆ ಹೋಗಿ, ಗ್ರಾಫಿಕ್ಸ್ ಕಾರ್ಡ್ ಬಳಸುವ ಆ ಒಂದು ಆಯ್ಕೆಯನ್ನು ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆದರು. ನರ್ಸಿಗೆ ಮತ್ತೆ ಫೋನ್ ಮಾಡಿ, "ತಾಯಿ, ಇನ್ನೊಂದೇ ಒಂದ್ಸಲ ತಾತನ ಹತ್ರ ಟ್ಯಾಬ್ಲೆಟ್ ಒಯ್ಯಿ" ಎಂದು ಬೇಡಿಕೊಂಡರು.

ಅಜ್ಜನ ಮುಖ ಬಂತು. ಅಜ್ಜಿಯ ಕೈ ಮಡಿಲಲ್ಲೇ ಇತ್ತು. "ಒತ್ತಿ ಅಜ್ಜೀ" ಎಂದರು ಅಕ್ಕ. ಎರಡು ಸಲ ಒತ್ತಿದಾಗ ಪರದೆಯ ತುಂಬ ಅಜ್ಜ.

"ರೀ, ಕಟ್ ಮಾಡ್ತಿದ್ದಿದ್ದು ನಾನಲ್ಲ ರೀ. ಈ ಡಬ್ಬಾ!"

ಅಜ್ಜ ಉಸಿರು ಎಳೆದುಕೊಂಡು, "ನಾನೂ ಅಲ್ಲ ಕಣೇ. ಅದೇನದು, ಇಷ್ಟು ಸೊರಗಿದ್ದೀಯಾ? ಊಟ ಮಾಡ್ತಿಲ್ವಾ?" ಎಂದರು.

"ನೀವು ಬನ್ನಿ, ಮಾಡ್ತೀನಿ. ಅವತ್ತು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ಗೊತ್ತು ಬಿಡು. ನಿನ್ನ ಬಾಯಿ ನನಗೆ ಹೊಸದಾ?"

ಅಷ್ಟು ಕೇಳಿ ಅಕ್ಕ ಹೊರಗೆ ಬಂದು ಬಾಗಿಲೆಳೆದುಕೊಂಡರಂತೆ. ಮಧ್ಯಾಹ್ನ ಕೊಳವೆ ಹಾಕಿದರು. ಮುಂದಿನ ದಿನಗಳಲ್ಲಿ ಅಜ್ಜಿ ಅದೇ ಕುರ್ಚಿಯಲ್ಲಿ ಕೂತು, ಮಾತಾಡಲಾಗದ ಗಂಡನಿಗೆ ಮನೆಯ ನಲ್ಲಿ ಸೋರುವುದರಿಂದ ಹಿಡಿದು ಎಲ್ಲ ಸುದ್ದಿಯನ್ನೂ ಹೇಳುತ್ತಿದ್ದರು. ಅಜ್ಜ ಉಳಿದರು. ಗಾಲಿಕುರ್ಚಿಯಲ್ಲಿ ಮನೆಗೆ ಹೊರಟ ದಿನ, ಕೋಣೆಯ ಮುಂದೆ ಹಾದು ಹೋಗುವಾಗ ಇಬ್ಬರೂ ನಲ್ಲಿ ರಿಪೇರಿಯ ವಿಷಯಕ್ಕೆ ಜಗಳವಾಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ಇಬ್ಬರೂ ನೋಡಲಿಲ್ಲ.

ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ. ಅಷ್ಟರಲ್ಲಿ ನೆಲಮಾಳಿಗೆಯಿಂದ ಯಾರೋ ಕರೆಯುತ್ತಾರೆ. ಲ್ಯಾಬಿನ ಬ್ರೌಸರ್ ಮಲಗಿದೆಯಂತೆ. ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳುತ್ತಾರೆ: "ಬೇಜಾರ್ಯಾಕೆ? ಇಬ್ರು ಮಾತಾಡ್ತಿರುವಾಗ ನಡುವೆ ಒಂದು ಕಂಪ್ಯೂಟರ್ ಇದೆ ಅನ್ನೋದು ಅವರಿಗೆ ಮರೆತೇ ಹೋಗ್ಬೇಕು. ಅದನ್ನ ಮರೆತ್ರು ಅಂದ್ರೆ ನನ್ನನ್ನೂ ಮರೆತ್ರು ಅಂತಾನೇ ಅಲ್ವಾ? ಸರಿಯಾಗಿ ಮಾಡಿದೀನಿ ಅಂತ ನನಗೆ ಗೊತ್ತಾಗೋದೇ ಹಾಗೆ."