ಗುಂಡು ಹಾರುವ ಹಿಂದಿನ ದಿನ

ನೈರೋಬಿಯ ಲ್ಯಾವಿಂಗ್ಟನ್ನಿನ ಒಂದು ಶಾಲೆಯ ಮೊದಲ ಮಹಡಿಯಲ್ಲಿ, ಹತ್ತನೇ ತರಗತಿಯ ಕೋಣೆಯ ಹಿಂದಿನ ಗೋಡೆಗೆ ಒರಗಿ, ಎರಡನೇ ಕಿಟಕಿಯ ಎಡಕ್ಕೆ ನಾನು ನಿಂತಿದ್ದೆ. ನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆ. ಇಲ್ಲಿ ಜುಲೈ ಚಳಿಯ ತಿಂಗಳಾದ್ದರಿಂದ ಎಲ್ಲರ ಮೈಮೇಲೂ ಸ್ವೆಟರ್ ಇತ್ತು. ಪಾಠ ನೋಡಲು ಪೋಷಕರನ್ನು ಕರೆದ ದಿನ ಅದು. ಬಂದವರು ಆರು ಜನ. ನಮ್ಮೆದುರು ಅರವತ್ತು ದಾಟಿದ ಒಬ್ಬ ಮೇಷ್ಟ್ರು ಪ್ಯಾಂಟನ್ನು ಮೊಣಕಾಲಿನ ಹತ್ತಿರ ಸ್ವಲ್ಪ ಮೇಲೆಳೆದುಕೊಂಡು, ಮೇಜಿನ ಅಂಚು ಹಿಡಿದು, ನೆಲಕ್ಕೆ ಮಂಡಿಯೂರಿದರು. ಹಾಗೆಯೇ ಮಂಡಿಯ ಮೇಲೆ ಸರಿಯುತ್ತ ಈ ಗೋಡೆಯಿಂದ ಆ ಗೋಡೆಯವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಯಾವ ಮಗುವೂ ನಗಲಿಲ್ಲ.

ಅವರು ಫೆಲಿಕ್ಸ್ ಸಿಕ್ವೇರಾ. ಮಂಗಳೂರಿನವರು, ನೈರೋಬಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಚರಿತ್ರೆಯ ಮೇಷ್ಟ್ರು. ಸೌತ್ ಸಿ ಬಡಾವಣೆಯಲ್ಲಿ ನಮ್ಮ ಕಾಂಪೌಂಡಿನಲ್ಲೇ ಮನೆ. ಹೆಂಡತಿ ಹಿಲ್ಡಾ ಬಾಯಿಯ ಜೊತೆ ಕೊಂಕಣಿ, ನನ್ನ ಜೊತೆ ಕರಾವಳಿಯ ಕನ್ನಡ, ಮಟಾಟು ವ್ಯಾನಿನ ಕಂಡಕ್ಟರನ ಜೊತೆ ವ್ಯಾಕರಣ ತಪ್ಪದ ಸ್ವಾಹಿಲಿ. ಕಾರಿತ್ತು, ಓಡಿಸುತ್ತಿರಲಿಲ್ಲ. ಮಟಾಟುವಿನಲ್ಲಿ ಕೂತರೆ ಯಾರಾದರೂ ಜಗಳ ಮಾಡುತ್ತಾರೆ, ಜಗಳ ಹೇಗೆ ಶುರುವಾಗುತ್ತದೆ ಎಂದು ನೋಡುವುದು ನನ್ನ ಕಸುಬು ಎನ್ನುತ್ತಿದ್ದರು. ಮುಗಿಯುವುದನ್ನು ನೋಡಲು ಅವರಿಗೆ ಆಸಕ್ತಿ ಇರಲಿಲ್ಲ. ತಮ್ಮ ಸ್ಟಾಪ್ ಬಂದರೆ ಮಧ್ಯದಲ್ಲೇ ಇಳಿದುಬಿಡುತ್ತಿದ್ದರು.

ಆ ದಿನದ ಪಾಠ ಅಮೆರಿಕದ ಅಂತರ್ಯುದ್ಧಕ್ಕೆ ಕಾರಣಗಳು. ಪಾಠ ನಡೆದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೆರೆಯ ಈಚೆ ಗುಲಾಮಗಿರಿ ಬಿಟ್ಟ ರಾಜ್ಯಗಳು, ಆಚೆ ಗುಲಾಮರನ್ನು ಇಟ್ಟುಕೊಂಡ ರಾಜ್ಯಗಳು. ಮಕ್ಕಳನ್ನು ಎರಡು ಪಾಲು ಮಾಡಿ ನಿಲ್ಲಿಸಿದರು. ನನ್ನ ಮಗಳು ಅದಿತಿ ಈಚೆಯ ಪಾಲಿನಲ್ಲಿದ್ದಳು. ಗುಲಾಮರ ಪಾತ್ರ ಯಾರದ್ದು ಎಂದು ಒಬ್ಬ ಹುಡುಗಿ ಕೇಳಿದಳು. ಯಾರದ್ದೂ ಅಲ್ಲ ಎಂದರು. ಆ ದೇಶದ ಒಪ್ಪಂದಗಳಲ್ಲಿ ಅವರನ್ನು ಯಾರೂ ಕೇಳಲಿಲ್ಲ, ಇಲ್ಲೂ ಕೇಳುವುದಿಲ್ಲ. ಅವರಿಲ್ಲದ ಕೋಣೆಯಲ್ಲಿ ಒಪ್ಪಂದ ಎಷ್ಟು ಸಲೀಸು ಎಂದು ನೀವು ನೋಡಬೇಕು.

ನಿಜಕ್ಕೂ ಸಲೀಸಾಗಿತ್ತು. ಮೊದಲ ಪ್ರಶ್ನೆ: ಶಾಸನ ಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂದು ನಿರ್ಧರಿಸುವಾಗ ಗುಲಾಮರನ್ನು ಎಣಿಸಬೇಕೇ? ಎಣಿಸಬೇಕು ಎಂದಿತು ಆಚೆಯ ಪಾಲು. ಓಟು ಕೊಡದೆ ಎಣಿಸುವುದೆಂತು ಎಂದಿತು ಈಚೆಯದು. ಮಕ್ಕಳು ಏಳು ನಿಮಿಷ ವಾದಿಸಿ ಅರ್ಧ ಎಣಿಸೋಣ ಎಂದು ಕೈಕುಲುಕಿದರು. ಅಮೆರಿಕದವರು ಐವರು ಗುಲಾಮರನ್ನು ಮೂವರೆಂದು ಎಣಿಸಿದರು, ನೀವು ಇನ್ನೂ ಕಡಿಮೆಗೆ ಮುಗಿಸಿದಿರಿ ಎನ್ನುತ್ತ ಮೇಷ್ಟ್ರು ಒಪ್ಪಂದದ ಹಾಳೆಗೆ ಎರಡೂ ಕಡೆಯವರ ಸಹಿ ಹಾಕಿಸಿ ಮೇಜಿನ ಮೇಲಿಟ್ಟರು. ಎರಡನೆಯದು: ಪಶ್ಚಿಮದ ಹೊಸ ನೆಲ ಯಾರ ಪಾಲಿಗೆ? ಭೂಪಟದಲ್ಲಿ ಒಂದು ಗೆರೆ ಎಳೆದು ಹಂಚಿಕೊಂಡರು. ಮತ್ತೆ ಸಹಿ. ನಾವು ಪೋಷಕರು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ಮೂರನೆಯದಕ್ಕೆ ಅವರು ಆಚೆಯ ಪಾಲಿನ ಹುಡುಗಿಯೊಬ್ಬಳ ಕೈಗೆ ಒಂದು ಹಾಳೆ ಕೊಟ್ಟು, ಗೆರೆ ದಾಟಿ ಹೋಗಿ ಅದಿತಿಯ ಎದುರು ಓದಲು ಹೇಳಿದರು. ಓಡಿಬಂದ ಗುಲಾಮ ನಿಮ್ಮ ಊರಿನಲ್ಲಿ ಸಿಕ್ಕರೆ ಹಿಡಿಯಲು ನೀವೂ ಕೈ ಜೋಡಿಸಬೇಕು, ಅಡಗಿಸಿಟ್ಟರೆ ನಿಮಗೆ ಜೈಲು. ಅದು ಕಾನೂನು. ಗುಲಾಮಗಿರಿ ಅವರ ಕಡೆಯ ವಿಷಯ ಎಂದು ತಾನೇ ನಾವು ಸಹಿ ಹಾಕಿದ್ದು ಎಂದಳು ಅದಿತಿ.

“ಹೌದು,” ಎಂದರು ಮೇಷ್ಟ್ರು. “ಇವತ್ತು ಅದು ನಿನ್ನ ಬೀದಿಗೆ ಬಂದಿದೆ.”

ನಾವು ಮನೆಯಲ್ಲಿ ಇರದಿದ್ದರೆ ಎಂದು ಅವಳು ಕೇಳಿದಾಗ ತರಗತಿ ನಕ್ಕಿತು. ಅದನ್ನೂ ತುಂಬಾ ಜನ ಮಾಡಿ ನೋಡಿದರು ಎಂದು ಅವರು ಗಂಭೀರವಾಗಿಯೇ ಹೇಳಿದರು. ಆಮೇಲೆ ಶೂವಿನಿಂದ ನೆಲದ ಗೆರೆಯನ್ನು ಅಳಿಸಿಬಿಟ್ಟು, ಮುಂದೆ ನಡೆದದ್ದನ್ನು ಹೇಳುತ್ತ ಹೋದರು. ಹೊಸ ನೆಲದಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂದು ಅಲ್ಲಿನವರೇ ಓಟು ಹಾಕಲಿ ಎಂಬ ಕಾನೂನು ಬಂತು. ಓಟು ಹಾಕಲು ಜನ ಬಂದೂಕು ಹಿಡಿದು ಬಂದರು. ಸಭೆಯೊಳಗೆ ಒಬ್ಬ ಪ್ರತಿನಿಧಿ ಇನ್ನೊಬ್ಬನನ್ನು ಬೆತ್ತದಿಂದ ನೆತ್ತರು ಬರುವಂತೆ ಹೊಡೆದ. ಗುಲಾಮರಾಗಿ ತರಲ್ಪಟ್ಟವರ ಸಂತತಿ ಈ ದೇಶದ ಪ್ರಜೆಗಳೇ ಅಲ್ಲ, ಅವರು ಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದು ಕೋರ್ಟೇ ಹೇಳಿತು. ಒಂದು ಚುನಾವಣೆ ಆಯಿತು, ಗುಲಾಮರನ್ನು ಇಟ್ಟುಕೊಂಡ ರಾಜ್ಯಗಳು ಒಂದೊಂದಾಗಿ ಹೊರನಡೆದವು. ಹೇಳುತ್ತಲೇ ಮೇಜಿನ ಮೇಲಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿ, ಸಹಿ ಹಾಕಿದ ಮಕ್ಕಳ ಕೈಗೆ ವಾಪಸು ಕೊಟ್ಟರು. ಮೇಜು ಖಾಲಿಯಾದಾಗ, ಇನ್ನು ಯುದ್ಧ, ಅದನ್ನು ನಾನು ಪಾಠ ಮಾಡುವುದಿಲ್ಲ, ಪುಸ್ತಕದಲ್ಲಿದೆ ಓದಿಕೊಳ್ಳಿ ಎಂದು ಮೇಜಿನ ಅಂಚು ಹಿಡಿದು ಕೂತರು. ಮಕ್ಕಳು ನಿಂತಲ್ಲೇ ನಿಂತಿದ್ದರು. ಕೋಣೆಯ ತುಂಬ ಅರವತ್ತು ಮಕ್ಕಳಿದ್ದ ಹಾಗೆ ನನಗೆ ಅನ್ನಿಸಿತ್ತು. ಆಮೇಲೆ ಅದಿತಿಯನ್ನು ಕೇಳಿದೆ, ತರಗತಿಯಲ್ಲಿ ಇದ್ದವರು ಹದಿನೆಂಟೇ.

ಇದಾಗಿ ಮೂರನೇ ವಾರ ಎಸ್ತರ್ ಮುಥೋನಿ ಮೇಷ್ಟ್ರ ಮನೆಗೆ ಬಂದಳು. ಎಸ್ತರ್ ನಮ್ಮ ಕಾಂಪೌಂಡಿನ ನಾಗರಾಜರ ಮನೆಯಲ್ಲಿ ಇದ್ದು ಕೆಲಸ ಮಾಡುತ್ತಿದ್ದವಳು. ನಾಗರಾಜ್ ನಾನು ಕೆಲಸ ಮಾಡುವ ಔಷಧ ಕಾರ್ಖಾನೆಯ ಜನರಲ್ ಮ್ಯಾನೇಜರ್, ಮೇಷ್ಟ್ರ ಶಾಲೆಯ ಆಡಳಿತ ಮಂಡಳಿಯ ಸದಸ್ಯ ಕೂಡ. ಕೆಲಸದವರ ಗುರುತಿನ ಚೀಟಿಯನ್ನು ಯಜಮಾನರು ಬೀರುವಿನಲ್ಲಿ ಇಟ್ಟುಕೊಳ್ಳುವುದು ನಮ್ಮ ಅನೇಕ ಮನೆಗಳ ರೂಢಿ. ಹೇಳದೆ ಕೇಳದೆ ಹೋಗಬಾರದು ಎಂಬುದಷ್ಟೇ ಅದರ ಉದ್ದೇಶ ಎಂದು ನಾವು ನಂಬಿದ್ದೆವು. ಎಸ್ತರ್ ಹತ್ತಿರದ ಥಿಕಾ ಪಟ್ಟಣದಲ್ಲಿ ಹೊಲಿಗೆ ಕಲಿಯಲು ಹೋಗಬೇಕೆಂದು ಚೀಟಿ ಕೇಳಿದ್ದಳು. ಬೇರೆಯವರು ಸಿಗಲಿ, ಆಮೇಲೆ ನೋಡೋಣ ಎಂದು ನಾಗರಾಜ್ ನಾಲ್ಕು ತಿಂಗಳು ಮುಂದೂಡಿದ್ದರು. ಚೀಟಿ ಇಲ್ಲದೆ ಅವಳನ್ನು ಕಲಿಕೆಗೆ ಸೇರಿಸಿಕೊಳ್ಳುವುದಿಲ್ಲ, ಕೆಲಸಕ್ಕೂ ತೆಗೆದುಕೊಳ್ಳುವುದಿಲ್ಲ. ಅವಳು ಬರಿಗೈಯಲ್ಲಿ ಹೊರಟು, ಚರ್ಚಿನಲ್ಲಿ ಪರಿಚಯವಿದ್ದ ಹಿಲ್ಡಾ ಬಾಯಿಯ ಅಡಿಗೆಮನೆಯಲ್ಲಿ ಕೂತಿದ್ದಳು.

ಮೇಷ್ಟ್ರಿಗೆ ನೀವು ಬೇಕಾದವರು, ಹೋಗಿ ಮಾತಾಡಿ ಎಂದು ನಾಗರಾಜ್ ನನಗೆ ಹೇಳಿದರು. ನಾನು ಶನಿವಾರ ಸಂಜೆ ಕೂತು ಒಂದು ಒಪ್ಪಂದ ಬರೆದೆ. ಎಸ್ತರ್ ಇನ್ನು ಆರು ವಾರ ಕೆಲಸ ಮಾಡುವುದು. ಅಷ್ಟರಲ್ಲಿ ನಾಗರಾಜ್ ಬೇರೆಯವರನ್ನು ಹುಡುಕಿಕೊಂಡು ಚೀಟಿ ಕೊಡುವುದು. ಮೂರು ಸಲ ತಿದ್ದಿದೆ. ಯಾರಿಗೂ ಅವಮಾನವಾಗದ ಹಾಗೆ ಬರೆದಿದ್ದೇನೆ ಎಂದು ಹೆಮ್ಮೆ ಇತ್ತು. ಭಾನುವಾರ ಬೆಳಿಗ್ಗೆ ತೆಗೆದುಕೊಂಡು ಹೋದೆ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ಒಳ್ಳೆದು ಬರ್ದಿದ್ದೀರಿ ಮಾರಾಯ್ರೆ. ಇಬ್ರಿಗೂ ಬೇಜಾರಾಗ್ಲಿಕ್ಕಿಲ್ಲ. ಅವಳು ಒಳಗೇ ಇದ್ದಾಳೆ. ಅವಳನ್ನ ಕೇಳಿದ್ರಾ?”

ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ಮೂರು ವಾರದ ಹಿಂದೆ ಗೋಡೆಗೆ ಒರಗಿ ಆ ಪಾಠವನ್ನು ನೋಡಿ, ಮನೆಗೆ ಹೋಗಿ ಹೆಂಡತಿಗೆ ವರ್ಣಿಸಿ, ಎರಡು ರಾತ್ರಿ ನಿದ್ದೆ ಬಾರದೆ ಹೊರಳಿದವನು ನಾನೇ. ನಾಚಿಕೆಯಿಂದ ಸಿಟ್ಟು ಬಂತು. ಒಂದು ಚೀಟಿಯನ್ನು ಗುಲಾಮಗಿರಿ ಅಂತೀರಾ ಸರ್ ಎಂದು ಕೇಳಿಬಿಟ್ಟೆ.

“ಇಲ್ಲ, ಇಲ್ಲ. ಆ ಶಬ್ದವನ್ನ ಇಲ್ಲಿಗೆ ತರ್ಬೇಡಿ. ಅಲ್ಲಿ ತಾಯಿಯ ಕೈಯಿಂದ ಮಗುವನ್ನ ಮಾರಿದ್ದಾರೆ. ಇದು ಬೀರುವಿನಲ್ಲಿರುವ ಒಂದು ಚೀಟಿ. ವಿಷಯ ಚಿಕ್ಕದಿರುವಾಗ್ಲೇ ಹೋಗಿ ಕೇಳ್ಬಹುದು, ಅಷ್ಟೇ. ಬನ್ನಿ.”

ಶೂ ಹಾಕಿಕೊಂಡರು. ಎಸ್ತರ್ ಅವರ ಜೊತೆ ಹೊರಟಳು. ನಾನು ಹಿಂದೆ.

ನಾಗರಾಜರ ಮನೆಯಲ್ಲಿ ಆ ಹೊತ್ತಿಗೆ ಹಬ್ಬದ ಕಾರ್ಯಕ್ರಮದ ತಯಾರಿಗೆಂದು ಕನ್ನಡದವರು ಏಳೆಂಟು ಜನ ಸೇರಿದ್ದರು. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ. ಬನ್ನಿ ಸರ್, ಕೂತ್ಕೊಳ್ಳಿ ಎಂದರು ನಾಗರಾಜ್. ಮೇಷ್ಟ್ರು ಬಾಗಿಲೊಳಗಿನ ಕಾಲೊರಸಿನ ಮೇಲೆ ನಿಂತರು, ಮುಂದೆ ಹೋಗಲಿಲ್ಲ. ಎಸ್ತರ್ ಅವರ ಬಲಕ್ಕೆ ನಿಂತಳು. ಅವಳೇ ಮಾತಾಡಿದಳು, ಸ್ವಾಹಿಲಿಯಲ್ಲಿ, ತಗ್ಗಿದ ದನಿಯಲ್ಲಿ. ನನ್ನ ಕಿಟಾಂಬುಲಿಶೊ ಕೊಡಿ ಎಂದು, ಅಂದರೆ ಗುರುತಿನ ಚೀಟಿ.

ಎಲ್ಲಾರ ಮನೇಲೂ ಇಟ್ಕೋತಾರಲ್ಲ ಸರ್, ನನ್ನನ್ನೊಬ್ಬನ್ನೇ ಯಾಕೆ ಎಂದು ನಾಗರಾಜ್ ನಕ್ಕರು. ಯಾರೂ ಜೊತೆಗೆ ನಗಲಿಲ್ಲ, ಯಾರೂ ಅಲ್ಲಗಳೆಯಲೂ ಇಲ್ಲ. ನಗು ನಿಂತಿತು.

“ನಿಮ್ಮ ಕಾಂಟ್ರ್ಯಾಕ್ಟು, ವರ್ಕ್ ಪರ್ಮಿಟ್ಟು ಮುಂದಿನ ತಿಂಗಳು ಸ್ಕೂಲ್ ಬೋರ್ಡಿಗೆ ಬರತ್ತೆ. ನೆನಪಿದೆ ತಾನೆ ಸರ್?”

“ನೆನಪುಂಟು.”

ಮೇಷ್ಟ್ರು ಅಲ್ಲಿಂದ ಕದಲಲಿಲ್ಲ. ನಿಂತರು. ಎಸ್ತರ್ ನಿಂತಳು. ಒಂದು ಮಂಡಿ ಸವೆದ ಮನುಷ್ಯ, ಪಕ್ಕದಲ್ಲೇ ಕುರ್ಚಿ ಇತ್ತು, ಯಾರೋ ಅದನ್ನು ಹತ್ತಿರಕ್ಕೆ ಸರಿಸಿದರು ಕೂಡ. ಎದುರು ಗೋಡೆಯ ಗಡಿಯಾರ ನನಗೆ ಕಾಣುತ್ತಿತ್ತು. ಹನ್ನೊಂದು ಗಂಟೆ ಐದು ನಿಮಿಷದಿಂದ ಹನ್ನೊಂದೂ ನಲವತ್ತರವರೆಗೆ. ಒಳಗಿನವರು ಕಾರ್ಯಕ್ರಮದ ಮಾತು ಮುಂದುವರಿಸಲು ಎರಡು ಸಲ ಪ್ರಯತ್ನಿಸಿದರು. ಉಪ್ಪಿಟ್ಟು ತಣ್ಣಗಾಯಿತು. ಆ ಮೂವತ್ತೈದು ನಿಮಿಷದಲ್ಲಿ ನಾನು ಬಾಯಿ ತೆರೆಯಲಿಲ್ಲ. ಬರೆದ ಒಪ್ಪಂದ ನನ್ನ ಜೇಬಿನಲ್ಲಿತ್ತು. ಕೊನೆಗೆ ಎದ್ದವರು ನಾಗರಾಜರ ಹೆಂಡತಿ ವಸಂತಾ. ಗಂಡನ ಮುಖ ನೋಡದೆ ಒಳಗೆ ಹೋದರು, ಬೀರುವಿನ ಬಾಗಿಲು ತೆರೆದ ಸದ್ದು ಕೇಳಿಸಿತು, ಬಂದು ಚೀಟಿಯನ್ನು ಎಸ್ತರಳ ಕೈಯಲ್ಲಿಟ್ಟರು. ಪೋಲೆ ಎಂದರು, ಕ್ಷಮಿಸು ಎನ್ನುವುದಕ್ಕೆ. ಧನ್ಯವಾದಕ್ಕೆ ಅಸಾಂಟೆ ಎಂದಳು ಎಸ್ತರ್. ಮೇಷ್ಟ್ರು ವಸಂತಾ ಅವರಿಗೆ ಕೈಮುಗಿದು ಹೊರಗೆ ಬಂದರು.

ಮುಂದಿನ ವಾರ ನಮ್ಮ ಮನೆಯ ಬೀರುವಿನಿಂದಲೂ ಒಂದು ಚೀಟಿ ಹೊರಬಂತು. ನಮ್ಮ ಕೆಲಸದವರ ಚೀಟಿಯೂ ಅಲ್ಲಿತ್ತೆಂದು ನಾನು ಇದುವರೆಗೆ ಬರೆಯಲಿಲ್ಲ, ಈಗ ಬರೆಯುತ್ತಿದ್ದೇನೆ. ಕನ್ನಡದವರು ಎರಡು ಪಾಲಾದರು. ಹಬ್ಬ ಆ ವರ್ಷ ಎರಡು ಕಡೆ ನಡೆಯಿತು, ಮೇಷ್ಟ್ರು ಎರಡಕ್ಕೂ ಹೋಗಲಿಲ್ಲ. ಶಾಲೆಯ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ವಯಸ್ಸಾಯಿತು ಎಂದು ಕಾರಣ ಕೊಟ್ಟರು, ವಯಸ್ಸಾಗಿದ್ದೂ ನಿಜವೇ.

ಮೇಷ್ಟ್ರು ಊರಿಗೆ ಹೊರಡುವ ಮುಂಚಿನ ಗುರುವಾರ ಅವರ ಮನೆಗೆ ಕೊನೆಯ ಸಲ ಹೋಗಿದ್ದೆ. ಹಿಲ್ಡಾ ಬಾಯಿ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ಕ್ಷಮೆ ಕೇಳಬೇಕೆಂದು ಹೋದವನು, ಅದು ಬಾಯಿಗೆ ಬಾರದೆ, ನೀವು ಯುದ್ಧವನ್ನು ಯಾಕೆ ಪಾಠ ಮಾಡುವುದಿಲ್ಲ ಎಂದು ಕೇಳಿದೆ.

“ಗುಂಡು ಹಾರಿದ ಮೇಲೆ ಎಂತದು ಉಂಟು? ಪ್ರತಿಯೊಬ್ಬನಿಗೂ ಅವನವನ ಕಡೆ ಸಿಕ್ಕಿರ್ತದೆ. ಮಕ್ಕಳು ಹಿಂದಿನ ದಿನವನ್ನ ನೋಡ್ಬೇಕು. ಅಂಥಾ ಹಿಂದಿನ ದಿನಗಳು ಎಪ್ಪತ್ತು ವರ್ಷ ಇದ್ವು ಮಾರಾಯ್ರೆ, ಒಂದೊಂದು ದಿನವೂ ಯಾರಾದ್ರೂ ಏಳ್ಬಹುದಿತ್ತು.” ಹಿಲ್ಡಾ ಬಾಯಿಗೆ ಒಂದು ಹಳೇ ಪೇಪರ್ ಎತ್ತಿಕೊಟ್ಟು, “ಆ ವಸಂತಮ್ಮನ ಹಾಗೆ,” ಎಂದರು.

ಮಂಗಳೂರಿನಲ್ಲಿ ಅವರು ತೀರಿಕೊಂಡು ಈಗ ಹದಿನಾಲ್ಕು ತಿಂಗಳು. ಆ ಭಾನುವಾರ ನಾನು ನಿಂತದ್ದು ಹೊಸ್ತಿಲಿನ ಹೊರಗೆ, ಅವರ ಹಿಂದೆ. ಆದ್ದರಿಂದ ನಾನು ನೋಡಿದ್ದು ಅವರ ಬೆನ್ನನ್ನು ಮಾತ್ರ. ಕಂದು ಕೋಟು, ಎಡಕ್ಕೆ ಸ್ವಲ್ಪ ವಾಲಿದ ಭುಜ. ಅಷ್ಟು ಹೊತ್ತು ಅವರ ಮುಖ ಹೇಗಿತ್ತೆಂದು ಹೇಳಬಲ್ಲವರು ಒಳಗಿದ್ದವರು. ಕೇಳುವುದಾದರೆ ನಾಗರಾಜ್ ಇದ್ದಾರೆ, ಅದೇ ಮನೆಯಲ್ಲಿ. ವಸಂತಾ ಇದ್ದಾರೆ. ಕುರ್ಚಿ ಸರಿಸಿದ ಡಾಕ್ಟರ್ ಶಾರದಾ ಇದ್ದಾರೆ, ನೈರೋಬಿಯಲ್ಲೇ, ಮುಥೈಗಾದಲ್ಲಿ. ಪಕ್ಕದಲ್ಲಿ ನಿಂತು ಓರೆಗಣ್ಣಿನಲ್ಲಿ ನೋಡಿರಬಹುದಾದ ಎಸ್ತರ್ ಮುಥೋನಿ ಥಿಕಾದಲ್ಲಿದ್ದಾಳೆ, ಮಾರುಕಟ್ಟೆಯ ಹಿಂದೆ ಅವಳದೇ ಹೊಲಿಗೆ ಅಂಗಡಿ.