ಕಮ್ಮಾರನ ಅಡಿಗಲ್ಲಿನ ಮೇಲೆ ಒಂದು ಹರಳು

ಆಗ ನನಗೆ ಹತ್ತೊಂಬತ್ತು ವರ್ಷ. ಐವತ್ತೆರಡು ವರ್ಷದ ಹಿಂದಿನ ಮಾತು. ನಾನು ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಹೋದ ತಿಂಗಳು ನಮ್ಮೂರ ಹೊಲಕ್ಕೆ ಸರ್ಕಾರದ ಜೀಪು ಬಂತು. ಜಾಲಹಳ್ಳಿ ದಾಟಿ ಕೃಷ್ಣೆಯ ಕಡೆಗೆ ನಮ್ಮೂರು. ಜೀಪಿನಲ್ಲಿ ಬಂದ ಹುಡುಗಿಯೊಬ್ಬಳು ಹೊಲದ ಗರಸುಮಣ್ಣನ್ನು ಜರಡಿ ಹಿಡಿಯುತ್ತಿದ್ದಳು.

"ಏನು ಹುಡುಕಾಕತ್ತೀಯವ್ವಾ?"

"ವಜ್ರ ಅಮ್ಮಾ."

ನನಗೆ ನಗು ಬಂತು. ಈ ಹೊಳೆಯ ದಂಡೆಗುಂಟ ಹಿಂದೆ ರಾಜರು ವಜ್ರ ತೆಗೆಸುತ್ತಿದ್ದರಂತೆ. ಬಗೆದವರು ನಮ್ಮಂಥ ಕೂಲಿಗಳು, ಹಾಕಿಕೊಂಡವರು ಬೇರೆ. ಆ ಗಣಿಗಳು ಮುಚ್ಚಿ ಎಷ್ಟೋ ತಲೆಮಾರಾಯಿತು. ಈಗ ಇಡೀ ದೇಶದಲ್ಲಿ ವಜ್ರದ ಗಣಿ ಎಂದರೆ ಉತ್ತರದ ಕಡೆ ಒಂದೋ ಎರಡೋ ಉಳಿದಿವೆ ಎಂದು ಆ ಹುಡುಗಿಯೇ ಹೇಳಿದಳು. ತೆಲುಗು ಸೀಮೆಯಲ್ಲಿ ಮಾತ್ರ ಮೊದಲ ಮಳೆ ಬಿದ್ದ ಮೇಲೆ ಜನ ಇಂದಿಗೂ ಹೊಲದಲ್ಲಿ ಬಗ್ಗಿಕೊಂಡು ಹರಳು ಹುಡುಕುತ್ತಾರೆ. ಸೊಂಟ ನೋಯುವುದಂತೂ ಖಾತ್ರಿ.

ಅಂದು ನಾನು ಹುಡುಕಿರಲಿಲ್ಲ. ಜೋಳದಲ್ಲಿ ಕಳೆ ತೆಗೆಯುವಾಗ ಕಡಲೆಕಾಳಿನಷ್ಟು ಹರಳು ಕೈಗೆ ಬಂತು. ತೊಳೆದರೆ ಕೆಸರು ಅಂಟಲಿಲ್ಲ. "ರಾಯಚೂರಿಗೆ ಒಯ್ದು ಅಕ್ಕಸಾಲಿಗರಿಗೆ ತೋರಸ್ರಿ," ಎಂದು ಗಂಡನಿಗೆ ಕೊಟ್ಟೆ.

"ಅಲ್ಲಿತನ ಯಾಕ ಹೋಗ್ಬೇಕು? ಖರೇ ವಜ್ರಾದ್ರ ಸುತ್ತಿಗಿಗೆ ಒಡ್ಯಂಗಿಲ್ಲ," ಎಂದು ಕಮ್ಮಾರನ ಅಡಿಗಲ್ಲಿನ ಮೇಲೆ ಇಡಿಸಿದ. ಆಗ ನಮ್ಮ ಕಡೆ ಎಲ್ಲರ ಪರೀಕ್ಷೆಯೂ ಅದೇ. ಒಂದೇ ಏಟು, ಹರಳು ಎರಡು ಹೋಳಾಯಿತು. ನಿಂತವರೆಲ್ಲ ನಕ್ಕರು. ಹೋಳುಗಳನ್ನು ಅತ್ತೆ ತಿಪ್ಪೆಗೆ ಎಸೆದಳು.

ಅಂದಿನಿಂದ ನಾನು ಊರಿಗೆಲ್ಲ ವಜ್ರವ್ವ. ಚಹಾದಂಗಡಿಯಲ್ಲಿ ನನ್ನ ಗಂಡ ಆ ಕಥೆ ಹೇಳದ ವಾರವಿಲ್ಲ. ಸೊಸೆಯರು ಬಂದರು, ಅವರೂ ಸೆರಗು ಮರೆ ಮಾಡಿ ನಕ್ಕರು. ನಾನು ಏನು ಹೇಳಿದರೂ, "ವಜ್ರವ್ವ ಅಂದಮ್ಯಾಲ ಮುಗೀತು ಬಿಡ್ರಿ," ಎನ್ನುವರು. ನನ್ನ ಮಾತಿಗೆ ಬೆಲೆ ಹೋದದ್ದು ಹಾಗೆ.

ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ. ಅವಳು ಜರಡಿ ಕೆಳಗಿಟ್ಟಳು.

"ಅಮ್ಮಾ, ವಜ್ರಕ್ಕೆ ಗೀರು ಬೀಳೋದಿಲ್ಲ, ನಿಜ. ಆದರೆ ಸುತ್ತಿಗೆಯಿಂದ ಹೊಡೆದರೆ ಒಡೆಯುತ್ತೆ. ಒಡೆದ ಜಾಗ ಹೇಗಿತ್ತು?"

"ಚಾಕೂಲೆ ಕೊಯ್ದಂಗ ಸಪಾಟ ಇತ್ತವ್ವ."

"ಈಗ ಖಚಿತ ಹೇಳೋಕಾಗಲ್ಲ. ಆದರೆ ವಜ್ರ ಹಾಗೇ ಒಡೆಯುತ್ತೆ."

ಮನೆಗೆ ಬಂದು ನನ್ನ ಮುದುಕ ಗಂಡನಿಗೆ ಹೇಳಿದೆ. ಅವನು ಎದ್ದು ಮೂಲೆಯ ಸಲಿಕೆ ಕೈಗೆತ್ತಿಕೊಂಡ.

"ತಿಪ್ಪಿ ಕೆದರಿ ನೋಡೋಣೇನು?"

"ಆ ತಿಪ್ಪಿ ಗೊಬ್ಬರಾಗಿ ಯಾರ ಹೊಲಾ ಸೇರೇತೋ! ವಜ್ರ ಯಾರಿಗೆ ಬೇಕಾಗ್ಯಾದ? ನೀವು ಊರಾಗ ಹೇಳ್ಕೋತ ಬಂದೀರಲ್ಲ ಕಥಿ, ಅದನ್ನ ತಿದ್ರಿ."

"ಈ ವಯಸ್ಸಿನ್ಯಾಗ ನನ್ನ ಮಾನಾ ಕಳೀತಿಯೇನು?"

"ನಂದು ಹತ್ತೊಂಬತ್ತಕ್ಕಽ ಕಳೆದ್ರಲ್ಲ."

ನಮ್ಮೂರ ಚಹಾದಂಗಡಿಯಲ್ಲಿ ಹೆಂಗಸರು ಕೂರುವುದಿಲ್ಲ. ಮರುದಿನ ಬೆಳಿಗ್ಗೆ ನಾನು ಅವನ ಜೊತೆ ಹೋಗಿ ಮುಂದಿನ ಬೆಂಚಿನ ಮೇಲೆ ಕುಳಿತೆ. ಎರಡು ಚಹಾ ಹೇಳಿ, "ಹಂ, ಈಗ ಹೇಳ್ರಿ," ಎಂದೆ. ಅವನು ಬಾಯಿ ಬಿಡುವವರೆಗೆ ಏಳಲಿಲ್ಲ.