‘ಬರ್ತೇನ್ರಿ’ಗೆ ಇಂಗ್ಲಿಷಿನಲ್ಲಿ ಏನಂತಾರೆ

ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮನೆಯವರಿಗೆ ಫೋನ್ ಮಾಡುವುದು ನನ್ನ ನಿತ್ಯದ ವ್ರತ. “ಮನಿ ಇನ್ನೂ ಐತಿ, ಸುಟ್ಟಿಲ್ಲ. ನೀ ಹೋಗು” ಅನ್ನುತ್ತಾರೆ ಅವರು. “ಹೋಗು ಅನಬ್ಯಾಡ್ರಿ, ಹೋಗಿ ಬಾ ಅನ್ರಿ” ಎಂದು ಹಟ ಹಿಡಿದು, ಅನ್ನಿಸಿಕೊಂಡ ಮೇಲೆಯೇ ನಾನು ಬಸ್ ಹತ್ತುವವಳು. ಹಿಂದೊಮ್ಮೆ ಅವರು ಬೇಕಂತಲೇ ಅನ್ನಲಿಲ್ಲ. ನಾನು ಬಸ್ ಬಿಟ್ಟು ನಿಂತೆ.

ಇಂಥ ನಾನು ಸವಣೂರಿನಿಂದ ಯಲವಿಗಿ ಕಡೆಯ ಒಂದು ಹಳ್ಳಿಗೆ ಹೋಗಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತಾರೆ. ಆ ಅಕ್ಕೋರಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದು ಬೇರೆ ಮಾತು. ತಪ್ಪು ಹಿಡಿಯಲಿಕ್ಕಂತೂ ಚೆನ್ನಾಗಿ ಬರುತ್ತದೆ. ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ‘ಮೈ ಫಾದರ್ ಆರ್ ಎ ಡ್ರೈವರ್’ ಎಂದು ಬರೆದಿದ್ದಳು. ಅಪ್ಪ ಒಬ್ಬನೇ, ಅದಕ್ಕೆ ‘ಈಜ್’ ಬರಬೇಕು ಅಂದೆ.

“ಅಪ್ಪಗ ಈಜ್ ಅಂದ್ರ ಏಕವಚನ ಆಗ್ತೈತಲ್ರಿ ಅಕ್ಕೋರ. ನಮ್ಮ ಆಯಿ ಬೈತಾಳ್ರಿ.”

ಆಯಿ ಅಂದರೆ ಅವಳ ಅಜ್ಜಿ. ಇಡೀ ವರ್ಗ ನಕ್ಕಿತು. ನಾನೂ ನಕ್ಕು, ಕೆಂಪು ಪೆನ್ನಿನಿಂದ ‘ಈಜ್’ ಮಾಡಿದೆ.

ಸಂಜೆ ಶಾಲೆ ಬಿಟ್ಟಾಗ ಚೀಲ ಬೆನ್ನಿಗೆ ಹಾಕಿಕೊಂಡು ಓಡುವ ಮಕ್ಕಳು “ಅಕ್ಕೋರ, ಬರ್ತೇನ್ರಿ” ಅನ್ನುತ್ತಿದ್ದವು. ಇಂಗ್ಲಿಷಿನಲ್ಲಿ ಹೇಳಿರಿ ಅಂದದ್ದೇ ತಡ, “ಐ ಆ್ಯಮ್ ಕಮಿಂಗ್” ಎಂದು ಕೂಗುತ್ತ ಗೇಟು ದಾಟತೊಡಗಿದವು. ತಪಾಸಣೆಗೆ ಸಾಹೇಬರು ಬರುವವರಿದ್ದರು. ಅವರ ಎದುರು ನನ್ನ ಮಕ್ಕಳು ಬರುತ್ತೇನೆ, ಬರುತ್ತೇನೆ ಅನ್ನುತ್ತ ಓಡಿಹೋದರೆ ನನ್ನ ಗತಿ ಏನು ಎಂದು ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹೊಸ್ತಿಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಒಳಗೆ ಬಂದರೆ ಕಮ್, ದಾಟಿ ಹೊರಬಿದ್ದರೆ ಗೋ.

ಅದೇ ಹುಡುಗಿ ಕೈ ಎತ್ತಿದಳು. “ಹೋಗ್ತೇನಿ ಅನಬಾರ್ದಲ್ರಿ ಅಕ್ಕೋರ?”

“ಇಂಗ್ಲಿಷ್‌ನ್ಯಾಗ ಅಂಥಾದ್ದೆಲ್ಲ ಇಲ್ಲ.”

ಎಷ್ಟು ಸಲೀಸಾಗಿ ಅಂದುಬಿಟ್ಟೆ.

ಸಾಹೇಬರು ಬರಲೇ ಇಲ್ಲ. ಹುಡುಗಿಯೂ ಮುಂದೆ ಸುಮಾರು ದಿನ ಬರಲಿಲ್ಲ. ಅವಳ ಆಯಿ ಹುಬ್ಬಳ್ಳಿ ದವಾಖಾನೆಯಲ್ಲಿ ತೀರಿಕೊಂಡಳೆಂದು ಮಕ್ಕಳು ಹೇಳಿದವು. ಆಮೇಲೆ ತಿರುಗಿ ಬಂದಳು. ಸಂಜೆ ಎಲ್ಲರೂ ‘ಐ ಆ್ಯಮ್ ಗೋಯಿಂಗ್’ ಅನ್ನುತ್ತ ಗೆರೆ ದಾಟಿದರೆ, ಇವಳು ಗೆರೆಯ ತನಕ ಬಂದು ನಿಂತು, ಮತ್ತೆ ಹೋಗಿ ತನ್ನ ಜಾಗದಲ್ಲಿ ಕೂತಳು. ಮರುದಿನವೂ ಹಾಗೇ. ನಾನು ಹತ್ತಿರ ಹೋಗಿ ಕೂತೆ. ಆಗ ಹೇಳಿದಳು.

“ಯಲವಿಗಿ ಸ್ಟೇಷನ್‌ನ್ಯಾಗ ಆಯಿ ಗಾಡಿ ಹತ್ತುಮುಂದ ಬರ್ತೇನಿ ಅಂದ್ಲುರಿ. ತಪ್ಪು, ಐ ಆ್ಯಮ್ ಗೋಯಿಂಗ್ ಅನಬೇಕು ಅಂದೆ. ಆಕಿಗೆ ಬರವಲ್ದಾಗಿತ್ತು. ಮೂರು ಸಲ ಅನಿಸಿದ್ನಿರಿ. ಅದಕ್ಕ ತಿರುಗಿ ಬರಲಿಲ್ಲೇನ್ರಿ?”

“ಹಂಗೇನಿಲ್ಲವ್ವಾ. ಮಾತಿನಿಂದ ಯಾರೂ ಸಾಯೂದಿಲ್ಲ.”

“ಮತ್ತ ನೀವು ದಿನಾ ಹೆಡ್ ಅಕ್ಕೋರಿಗೆ ಬರ್ತೇನ್ರಿ ಅಂತೀರಲ್ರಿ?”

ಬೆಳಿಗ್ಗೆಯಷ್ಟೇ ಗಂಡನ ಬಾಯಿಂದ ‘ಹೋಗಿ ಬಾ’ ಅನ್ನಿಸಿಕೊಂಡು ಬಂದಿದ್ದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳ ಮನೆಗೆ ಹೋದೆ. ಅವಳ ಅವ್ವ ಪಡಸಾಲೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಹುಡುಗಿ ಕಂಬದ ಮರೆಗೆ ಸರಿದಳು. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಅಂದೆ. ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿದ್ದೆ.

“ಅಯ್ಯ ಅಕ್ಕೋರ!” ಅಂದಳು ಆ ತಾಯಿ. “ನಮ್ಮತ್ತಿ ದವಾಖಾನ್ಯಾಗ ಒಬ್ಬರನ್ನೂ ಬಿಡಲಿಲ್ರಿ. ಸಂಡಾಸಕ್ಕ ಹೋಗಬೇಕಾದ್ರೂ ನರ್ಸಬಾಯಿಗೆ ಐ ಆ್ಯಮ್ ಗೋಯಿಂಗ್ ಅನ್ನಾಕಿ. ಯಾರು ಕಲಿಸ್ಯಾರಬೇ ಅಂದ್ರ, ನಮ್ಮ ಮೊಮ್ಮಗಳು, ಸಾಲಿ ಕಲಿಯಾಕತ್ತಾಳ ಅನ್ನಾಕಿ.”

ನಗುತ್ತಿದ್ದವಳಿಗೆ ಅಳು ಬಂತು. ಕೈಗೆಲ್ಲ ಖಾರ ಹತ್ತಿದ್ದರಿಂದ ಮೊಣಕೈ ಮಡಚಿ ಅದರಿಂದ ಕಣ್ಣು ಒರೆಸಿಕೊಂಡಳು. ಅದು ನಿಜವಾಗಿ ನಡೆದದ್ದೋ, ಕಂಬದ ಮರೆಯ ಮಗಳಿಗಾಗಿ ಆಗಲೇ ಹೊಳೆದದ್ದೋ, ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಹುಡುಗಿ ಮಾತ್ರ ಕಂಬ ಬಿಟ್ಟು ಬರಲಿಲ್ಲ.

ಏಳುವ ಹೊತ್ತಾಯಿತು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿದೆ. ಸಾವಾದ ಮನೆಯಿಂದ ಹೊರಡುವಾಗ ‘ಬರ್ತೇನಿ’ ಅನ್ನುವಂತಿಲ್ಲ, ‘ಹೋಗ್ತೇನಿ’ ಅನ್ನುವುದಂತೂ ಯಾವ ಮನೆಯಲ್ಲೂ ಇಲ್ಲ. ಸುಮ್ಮನೆ ಎದ್ದು ನಡೆಯುವುದು ರೂಢಿ. ಆದರೆ ಹುಡುಗಿ ಕಂಬದ ಮರೆಯಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ಆಗ ಒಂದು ತಿಳಿಯಿತು: ಇವಳಿಗೆ ಯಾರ ಸಮಾಧಾನವೂ ಬೇಕಾಗಿಲ್ಲ. ಹೋಗುತ್ತೇನೆ ಅಂದವರೊಬ್ಬರು ತಿರುಗಿ ಬಂದದ್ದನ್ನು ಇವಳು ಕಣ್ಣಾರೆ ನೋಡಬೇಕು.

“ಐ ಆ್ಯಮ್ ಗೋಯಿಂಗ್” ಅಂದೆ. ದನಿ ಸಣ್ಣಗಾಗಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಕನ್ನಡದಲ್ಲೂ ಅಂದೆ. “ನಾ ಹೋಗ್ತೇನಿ.”

ಆ ತಾಯಿ ಗಾಬರಿಯಿಂದ ತಲೆ ಎತ್ತಿದಳು. ನಾನು ತಿರುಗಿ ನೋಡದೆ ನಡೆದೆ.

ಧೈರ್ಯ ಅಷ್ಟೇ ದೂರ ಬಂತು. ಬಸ್ಸಿನಲ್ಲಿ ಪ್ರತಿ ತಿರುವಿಗೂ ಮುಂದಿನ ಸೀಟಿನ ಸರಳು ಹಿಡಿದುಕೊಂಡೆ. ಡ್ರೈವರ್ ಆಕಳಿಸಿದರೆ ನನಗೆ ಬೆವರು. ರವಿವಾರ ಇಡೀ ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಮೆಟ್ಟಿಲು ಕೂಡ ಗೋಡೆ ಹಿಡಿದು ಇಳಿದೆ. “ಏನಾಗೇತಿ ನಿನಗ?” ಅಂದರು ಮನೆಯವರು. “ಸೋಮವಾರದ ತನಕ ನನಗ ಏನೂ ಆಗಬಾರ್ದ್ರಿ” ಅಂದೆ. ನನ್ನ ಜೀವಕ್ಕೆ ನಾನು ಹೆದರುವುದು ಹೊಸದಲ್ಲ. ಅದು ಇನ್ನೊಬ್ಬರಿಗೆ ಬೇಕಾಗಿದೆ ಎಂದು ಹೆದರಿದ್ದು ಅದೇ ಮೊದಲು.

ಸೋಮವಾರ ಬಸ್ಸು ನಿಂತಾಗ ಹುಡುಗಿ ಶಾಲೆಯ ಗೇಟಿನಲ್ಲಿದ್ದಳು. ಪ್ರಾರ್ಥನೆಗೆ ಇನ್ನೂ ಬಹಳ ಹೊತ್ತಿತ್ತು. ನಾನು ಇಳಿದು ರಸ್ತೆ ದಾಟುವ ತನಕ ಅಲುಗಲಿಲ್ಲ. ಹತ್ತಿರ ಹೋದ ಮೇಲೆ ನನ್ನ ಸೆರಗಿನ ತುದಿಯನ್ನು ಎರಡು ಬೆರಳಿನಿಂದ ಮುಟ್ಟಿದಳು.

“ಅಕ್ಕೋರ, ಯೂ ಆರ್ ಕಮ್.”

“ಹೌದವ್ವಾ, ಬಂದೇನಿ” ಅಂದೆ. ಆ ವಾಕ್ಯವನ್ನು ನಾನು ಈವತ್ತಿನವರೆಗೂ ತಿದ್ದಿಲ್ಲ.